ಫ್ಲಮೆಂಕೊ (ಸ್ಪೇನಿನ ಹಾಡು, ಕುಣಿತ, ಗಿಟಾರ್‌ಗಳ ಕಲೆ) ಗಿಟಾರ್ ವಾದಕ ಸಬಿಕಾಸ್ ಯಾರು? ಸ್ಪೇನಿನವರಾದ ಇವರು ನ್ಯೂಯಾರ್ಕಿಗೆ ಹೋದದ್ದೇಕೆ?

ನಿಜವಾದ ಹೆಸರು ಅಗುಸ್ತಿನ್ ಕಾಸ್ತೆಯೋನ್ ಕಾಂಪೋಸ್. ಹುಟ್ಟಿದ್ದು 1912ರಲ್ಲಿ, ಸ್ಪೇನಿನ ಪಾಂಪ್ಲೋನಾದ ರೋಮಾನಿ (ಜಿಪ್ಸಿ) ಕುಟುಂಬದಲ್ಲಿ. ಫ್ಲಮೆಂಕೊದ ತವರು ದಕ್ಷಿಣದ ಆಂದಲೂಸಿಯಾ. ಪಾಂಪ್ಲೋನಾ ಇರುವುದು ಉತ್ತರದಲ್ಲಿ! ಕಲಿತದ್ದೂ ಬಹುಪಾಲು ಕೇಳಿ ಕೇಳಿಯೇ.

1936ರಲ್ಲಿ ಅಂತರ್ಯುದ್ಧ ಶುರುವಾದಾಗ ದೇಶ ಬಿಟ್ಟರು. ನರ್ತಕಿ ಕಾರ್ಮೆನ್ ಅಮಾಯಾ ಜೊತೆ ಲ್ಯಾಟಿನ್ ಅಮೆರಿಕ ಸುತ್ತಿ, ಕೊನೆಗೆ ನ್ಯೂಯಾರ್ಕಿನಲ್ಲಿ ನೆಲೆಸಿದರು. ಮತ್ತೆ ಸ್ಪೇನಿಗೆ ಕಾಲಿಟ್ಟದ್ದು 1967ರಲ್ಲಿ.

ಫ್ಲಮೆಂಕೊದಲ್ಲಿ ಗಿಟಾರ್ ಮೂಲತಃ ಹಾಡು, ಕುಣಿತಗಳಿಗೆ ಪಕ್ಕವಾದ್ಯ. ಗಿಟಾರ್ ವಾದಕ ರಾಮೋನ್ ಮೊಂತೋಯಾ ಅದಕ್ಕೆ ಸ್ವತಂತ್ರ ದಾರಿ ತೆರೆದರು. ಅದನ್ನು ಜಗತ್ತಿನ ಕಛೇರಿ ವೇದಿಕೆಗಳಿಗೆ ಒಯ್ದವರು ಸಬಿಕಾಸ್. ವೇಗದಲ್ಲೂ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳಿಸುವುದೇ, ನನ್ನ ಪ್ರಕಾರ, ಅವರ ಹೆಚ್ಚುಗಾರಿಕೆ. ಮುಂದೆ ಹೆಸರಾಂತ ಫ್ಲಮೆಂಕೊ ಗಿಟಾರ್ ವಾದಕರಾದ ಪಾಕೊ ದೆ ಲುಸಿಯಾಗೆ, ಅವರ ಹದಿಹರೆಯದಲ್ಲಿ, ಬೇರೆಯವರದ್ದು ಬಿಟ್ಟು ಸ್ವಂತ ಸಂಗೀತ ಕಟ್ಟು ಎಂದು ಹೇಳಿದವರೂ ಇವರೇ. 1990ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು.