ಆ ಆರು ವರ್ಷವನ್ನು ಸುಳ್ಳು ಮಾಡಬೇಡಿ

ನಮಸ್ಕಾರ,

ನಿಮ್ಮ ಚಿತ್ರಕಥೆಯನ್ನು ಎರಡು ಸಲ ಓದಿದೆ. ಆರು ವರ್ಷ ಜೊತೆಗಿದ್ದ ಇಬ್ಬರು ಹೆಂಗಸರು. ಒಬ್ಬಳಿಗೆ ಆಫೀಸಿನ ಗಂಡಸೊಬ್ಬನ ಮೇಲೆ ಮನಸ್ಸಾಗುತ್ತದೆ, ಸಂಬಂಧ ಮುರಿಯುತ್ತದೆ. ಈಗಿರುವ ರೂಪದಲ್ಲಿ ಇದನ್ನು ಒಪ್ಪಿಕೊಳ್ಳಲು ಆಗುತ್ತಿಲ್ಲ. ಆದರೆ ಇದನ್ನು ನೀವು ಕೈಬಿಟ್ಟರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಬಿಟ್ಟು ಹೋಗುವಾಗ ನಾಯಕಿ, ‘ಇಷ್ಟು ದಿನ ನನ್ನನ್ನು ನಾನೇ ತಪ್ಪು ತಿಳಿದಿದ್ದೆ’ ಅನ್ನುತ್ತಾಳೆ. ನನಗೆ ಕಥೆ ಅಲ್ಲೇ ಕುಸಿಯಿತು. ಆ ಒಂದು ಮಾತಿಗೆ ಹಿಂದಿನ ಆರು ವರ್ಷವೂ ಸುಳ್ಳಾಗುತ್ತದೆ, ಅಲ್ವಾ? ಮನಃಶಾಸ್ತ್ರಜ್ಞೆ ಲೀಸಾ ಡೈಮಂಡ್ 79 ಯುವತಿಯರನ್ನು ಹತ್ತು ವರ್ಷ ಮತ್ತೆ ಮತ್ತೆ ಮಾತಾಡಿಸಿ, 2008ರಲ್ಲಿ ಅದನ್ನು ಪ್ರಕಟಿಸಿದರು. ಮೊದಲಿಗೆ ಕೆಲವರು ತಮ್ಮನ್ನು ಲೆಸ್ಬಿಯನ್ ಎಂದು, ಕೆಲವರು ಬೈಸೆಕ್ಷುವಲ್ (ಗಂಡು, ಹೆಣ್ಣು ಇಬ್ಬರ ಮೇಲೂ ಒಲವಿರುವವರು) ಎಂದು ಕರೆದುಕೊಂಡಿದ್ದರು. ಉಳಿದವರು ಯಾವ ಹೆಸರೂ ಬೇಡ ಎಂದಿದ್ದರು. ಇವರಲ್ಲಿ ಸುಮಾರು ಮೂರನೇ ಎರಡು ಪಾಲು ಜನ ಒಮ್ಮೆಯಾದರೂ ತಮ್ಮನ್ನು ಕರೆದುಕೊಳ್ಳುವ ರೀತಿಯನ್ನು ಬದಲಿಸಿದರು. ಹೆಸರು ಬದಲಾದ ಮಾತ್ರಕ್ಕೆ ಹಿಂದಿನ ಪ್ರೀತಿ ಹುಸಿಯಾಗುವುದಿಲ್ಲ. ನಿಮ್ಮ ನಾಯಕಿ ಆಗಲೂ ಪ್ರೀತಿಸಿದ್ದಳು, ಈಗಲೂ ಪ್ರೀತಿಸುತ್ತಾಳೆ. ಇದು ಬರೆಯಲು ಕಷ್ಟ, ಆದರೆ ಇಲ್ಲಿ ನೋವು ಜಾಸ್ತಿ.

ಅವಳ ತಪ್ಪು ಬೇರೆ ಕಡೆ ಇದೆ. ನಾಲ್ಕು ತಿಂಗಳು ಮುಚ್ಚಿಟ್ಟಳು. ಅದನ್ನು ನೀವು ಎರಡೇ ಸಾಲಿನಲ್ಲಿ ದಾಟಿಸಿ, ದೋಷವನ್ನೆಲ್ಲ ಬದಲಾದ ಒಲವಿನ ತಲೆಗೆ ಕಟ್ಟಿದ್ದೀರಿ. ಪ್ರತಿರಾತ್ರಿ ಪಕ್ಕದಲ್ಲಿ ಮಲಗಿ ಹೇಗೆ ಸುಮ್ಮನಿದ್ದಳು? ಅದನ್ನು ತೋರಿಸಿ.

ಇನ್ನು ಉಳಿದುಹೋದವಳು. ನೀವು ಅವಳಿಗೆ ಅಳು, ಕುಡಿತ, ಒಡೆದ ಲೋಟ ಕೊಟ್ಟಿದ್ದೀರಿ. ಇದು ಯಾರು ಬಿಟ್ಟುಹೋದರೂ ಆಗುವಂಥದ್ದು. ಆದರೆ ಒಂದು ಕಡೆ ಅವಳು ಹಳೆಯ ಫೋಟೋಗಳನ್ನು ದೊಡ್ಡದು ಮಾಡಿಕೊಂಡು, ಸಂಗಾತಿಯ ಕಣ್ಣು ಆಗ ಯಾರ ಕಡೆ ಇತ್ತು ಎಂದು ಹುಡುಕುತ್ತಾಳಲ್ಲ, ಅಲ್ಲಿ ನಾನು ಓದು ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆ. ‘ಆಗಲೇ ಇತ್ತಾ?’ ಅನ್ನುವ ಆ ಸಂಶಯ ಅವಳದ್ದೇ. ಬಂದವಳು ಇನ್ನೊಬ್ಬ ಹೆಣ್ಣಾಗಿದ್ದರೆ ತನ್ನಲ್ಲಿ ಏನು ಕಡಿಮೆ ಎಂದಾದರೂ ಕೇಳಿಕೊಳ್ಳುತ್ತಿದ್ದಳು. ಈಗ ಹೋಲಿಸಿಕೊಳ್ಳಲಿಕ್ಕೂ ದಾರಿಯಿಲ್ಲ. ಕಥೆ ಈ ದೃಶ್ಯದಿಂದಲೇ ಶುರುವಾಗಲಿ.

ಗೆಳೆಯನ ಉಪದೇಶದ ದೃಶ್ಯ ತೆಗೆದುಹಾಕಿ. ಆಫೀಸಿನ ಆ ಗಂಡಸಿಗೂ ಒಂದು ಸ್ವಭಾವ ಕೊಡಿ, ಈಗ ಅವನು ಸುಮ್ನೆ ಬಂದು ಹೋಗುತ್ತಾನೆ.

ಕೊನೆಯ ಭೇಟಿಯಲ್ಲಿ ಇಬ್ಬರೂ ಕ್ಷಮೆ ಕೇಳುವುದು ಬೇಡ. ಉಳಿದವಳು ಆ ಫೋಟೋ ತೋರಿಸಿ ಕೇಳಲಿ. ಇನ್ನೊಬ್ಬಳು ಏನು ಹೇಳುತ್ತಾಳೆ ಎಂದು ನಿಮಗೆ ಗೊತ್ತಾದ ಮೇಲೆ ಮತ್ತೆ ಕಳಿಸಿ. ನಾನೇ ಓದುತ್ತೇನೆ.

ಸಂಪಾದಕ