ತೀರ್ಥಹಳ್ಳಿಯಂಥ ಊರಲ್ಲೂ ಸಭೆ ಹುಡುಕಬಹುದು

ನಿಮ್ಮ ತಮ್ಮ ಕುಡಿತ ಬಿಟ್ಟು ಎರಡು ತಿಂಗಳಾಯ್ತು, ತೀರ್ಥಹಳ್ಳಿ ಸುತ್ತ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಗುಂಪು) ಸಭೆ ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ಮೊದಲು, ಎರಡು ತಿಂಗಳು ಅಂದ್ರೆ ಸಣ್ಣ ಮಾತಲ್ಲ.

ಸಣ್ಣ ಊರಲ್ಲಿ ಎಎ ಬೋರ್ಡು ಕಾಣೋದು ಕಡಿಮೆ. ಸಭೆ ಚರ್ಚಿನ ಕೋಣೆಯಲ್ಲೋ ಶಾಲೆಯಲ್ಲೋ ನಡೆಯುತ್ತಿರುತ್ತದೆ. ಅಲ್ಲಿ ವಿಚಾರಿಸಿ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಮದ್ಯವರ್ಜನ ಶಿಬಿರ ನಡೆಸುತ್ತಾರಲ್ವಾ, ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿ ಎಂಬ ಗುಂಪುಗಳಿವೆ. ನಿಮ್ಮ ತಾಲ್ಲೂಕಿನ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಕಚೇರಿಯಲ್ಲಿ ಕೇಳಿ ನೋಡಿ. 14446 ವ್ಯಸನಮುಕ್ತಿಯ ಉಚಿತ ಸಹಾಯವಾಣಿ. ಮನಸ್ಸು ತೀರಾ ಕುಗ್ಗಿದರೆ 14416, ಕನ್ನಡದಲ್ಲೇ ಮಾತಾಡಬಹುದು.

ಗುರುತಿನವರು ನೋಡಿಬಿಟ್ಟರೆ ಅನ್ನೋ ಭಯ ನಮ್ಮಣ್ಣನಿಗೂ ಇತ್ತು. ಮೊದಲ ದಿನ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ, ಚಹಾ ಲೋಟ ಹಿಡಿದ ಕೈ ನಡುಗುತ್ತಿತ್ತಂತೆ. ಯಾರೂ ಹೆಸರು ಕೇಳಲಿಲ್ಲ, ದುಡ್ಡೂ ಕೇಳಲಿಲ್ಲ. ಮುಂದಿನ ವಾರ ತಾನೇ ಹೊರಟ. ನಿಮ್ಮ ತಮ್ಮನಿಗೆ ಊರಲ್ಲಿ ಮುಜುಗರವಾದರೆ ಶಿವಮೊಗ್ಗಕ್ಕೆ ಬಸ್ಸು ಹತ್ತಲಿ. ಆನ್‌ಲೈನ್ ಸಭೆಗಳೂ ಇವೆ.

ಮತ್ತೆ ಕುಡಿಯೋಕೆ ಶುರು ಮಾಡಿದರೆ ಮಾತ್ರ ಸುಮ್ನೆ ಮನೆಯಲ್ಲೇ ಒಮ್ಮೆಲೇ ನಿಲ್ಲಿಸೋದು ಬೇಡ. ಜಾಸ್ತಿ ಕುಡಿಯುವವರಿಗೆ ಹಾಗೆ ನಿಲ್ಲಿಸಿದಾಗ ಫಿಟ್ಸ್ ಬರಬಹುದು. ಡಾಕ್ಟರ್ ಹತ್ತಿರ ಕರೆದೊಯ್ಯಿರಿ. ನಿಮಗೂ ಜೊತೆ ಬೇಕು, ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಗುಂಪು ಇದೆ.