ಕರೆಂಟು ಕಲ್ಲಿದ್ದಲಿನಿಂದಲೇ ಬರೋದಾದರೆ ಎಲೆಕ್ಟ್ರಿಕ್ ಸ್ಕೂಟರ್‌ನಿಂದ ಏನು ಲಾಭ?

ಬೆಂಗಳೂರಿನಲ್ಲಿ ಪೆಟ್ರೋಲ್ ಸ್ಕೂಟರ್ ಬಿಟ್ಟು ಎಲೆಕ್ಟ್ರಿಕ್ ತಗೊಂಡರೆ ಮಾಲಿನ್ಯ ನಿಜವಾಗಲೂ ಕಡಿಮೆಯಾಗುತ್ತದಾ, ಇಲ್ಲಾ ಇಲ್ಲಿನ ಹೊಗೆ ರಾಯಚೂರಿಗೆ ಹೋಗುತ್ತದೆ ಅಷ್ಟೇನಾ ಅಂತ ಕೇಳಿದ್ದೀರಿ. ನಾನು ಹನ್ನೊಂದು ವರ್ಷ ಪೆಟ್ರೋಲ್ ಸ್ಕೂಟರ್ ಓಡಿಸಿದವನು. ಈಗ ನಾಲ್ಕು ವರ್ಷದಿಂದ ಎಲೆಕ್ಟ್ರಿಕ್. ನಿಮ್ಮ ಅನುಮಾನ ನನಗೂ ಇತ್ತು. ಒಂದು ಭಾನುವಾರ ಪೆನ್ನು ಹಿಡಿದು ಕೂತೆ.

ಮೊದಲು ಇಂಗಾಲದ ಲೆಕ್ಕ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. (ಪೆಟ್ರೋಲ್ ತೂಗೋದೇ ಮುಕ್ಕಾಲು ಕೆಜಿ, 2.3 ಎಲ್ಲಿಂದ ಬಂತು ಅಂತ ನನ್ನ ಮಗಳು ಕೇಳಿದಳು. ಉಳಿದ ತೂಕ ಗಾಳಿಯಲ್ಲಿರುವ ಆಮ್ಲಜನಕದ್ದು.) ನನ್ನ ಹಳೇ ಸ್ಕೂಟರ್ ಲೀಟರಿಗೆ 45 ಕಿಮೀ ಕೊಡುತ್ತಿತ್ತು. ಅಂದರೆ 100 ಕಿಮೀಗೆ ಸುಮಾರು 5 ಕೆಜಿ. ಈಗಿನ ಸ್ಕೂಟರ್ 100 ಕಿಮೀ ಓಡಲು ಗೋಡೆಯ ಪ್ಲಗ್ಗಿನಿಂದ ಮೂರೂವರೆ ಯೂನಿಟ್ ಎಳೆಯುತ್ತದೆ. ಚಾರ್ಜ್ ಆಗುವಾಗ ಬಿಸಿಯಾಗಿ ಪೋಲಾಗುವುದೂ ಅದರಲ್ಲೇ ಸೇರಿದೆ. ಕಲ್ಲಿದ್ದಲು, ನೀರು, ಗಾಳಿ, ಬಿಸಿಲು ಎಲ್ಲ ಸೇರಿಸಿದ ದೇಶದ ಸರಾಸರಿ ಹಿಡಿದರೆ, ಒಂದು ಯೂನಿಟ್‌ಗೆ ಹೆಚ್ಚುಕಡಿಮೆ 0.7 ಕೆಜಿ. ಒಟ್ಟು ಎರಡೂವರೆ ಕೆಜಿ. ಕಲ್ಲಿದ್ದಲನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅರ್ಧಕ್ಕೆ ಅರ್ಧ ಇಳಿಯಿತು.

ಕಾರಣ ಸರಳ. ಪೆಟ್ರೋಲ್ ಎಂಜಿನ್ ತಾನು ಕುಡಿದದ್ದರಲ್ಲಿ ಮುಕ್ಕಾಲು ಪಾಲನ್ನು ಸುಮ್ನೆ ಶಾಖವಾಗಿ ಹೊರಗೆ ಬಿಡುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗಲೂ ಕುಡಿಯುತ್ತಲೇ ಇರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹತ್ತು ನಿಮಿಷ ನಿಂತರೆ ನನ್ನ ಈಗಿನ ಗಾಡಿ ಖರ್ಚು ಮಾಡುವುದು ದೀಪಕ್ಕೆ ಮತ್ತು ಡಿಸ್‌ಪ್ಲೇಗೆ ಮಾತ್ರ.

ಇನ್ನು ಬ್ಯಾಟರಿ. ಅದನ್ನು ತಯಾರಿಸುವಾಗಲೇ ಎಷ್ಟೊಂದು ಮಾಲಿನ್ಯ ಅಂತ ವಾಟ್ಸಾಪಿನಲ್ಲಿ ಬರುತ್ತಲ್ವಾ, ಅದು ಪೂರ್ತಿ ಸುಳ್ಳಲ್ಲ. ಒಂದು ಯೂನಿಟ್ ಹಿಡಿಸುವ ಬ್ಯಾಟರಿ ಮಾಡಲು ಸುಮಾರು 60ರಿಂದ 100 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ನನ್ನದು 3 ಯೂನಿಟ್ಟಿನದು. 200-300 ಕೆಜಿ ಸಾಲ ಅಂದುಕೊಳ್ಳಿ. 100 ಕಿಮೀಗೆ ಉಳಿಯುವ ಎರಡೂವರೆ ಕೆಜಿಯಂತೆ ತೀರಿಸುತ್ತಾ ಹೋದರೆ 8ರಿಂದ 12 ಸಾವಿರ ಕಿಮೀಗೆ ಚುಕ್ತಾ. ದಿನಕ್ಕೆ 25 ಕಿಮೀ ಓಡಿಸುವ ನನಗೆ ಒಂದು ವರ್ಷ ಚಿಲ್ಲರೆ ಹಿಡಿಯಿತು.

ಕಾರಿನ ಕಥೆ ಬೇರೆ. ಬ್ಯಾಟರಿ 40 ಯೂನಿಟ್ಟಿನದಾದರೆ ಸಾಲವೇ ಎರಡೂವರೆಯಿಂದ ನಾಲ್ಕು ಟನ್. ಸಿಟಿಯಲ್ಲಿ ಲೀಟರಿಗೆ 12 ಕಿಮೀ ಕೊಡುವ ಪೆಟ್ರೋಲ್ ಕಾರಿಗೆ ಹೋಲಿಸಿದರೆ ಉಳಿತಾಯ 100 ಕಿಮೀಗೆ 8 ಕೆಜಿ ಆಸುಪಾಸು. ಸಾಲ ತೀರಲು 30ರಿಂದ 50 ಸಾವಿರ ಕಿಮೀ ಓಡಬೇಕು. ದಿನಾ ಓಡುವ ಟ್ಯಾಕ್ಸಿ ಒಂದು ವರ್ಷದಲ್ಲಿ ಓಡಿಬಿಡುತ್ತದೆ. ಭಾನುವಾರ ನಂದಿ ಬೆಟ್ಟಕ್ಕೆ ಮಾತ್ರ ಹೊರಡುವ ದೊಡ್ಡ ಎಲೆಕ್ಟ್ರಿಕ್ ಎಸ್‌ಯುವಿಗೆ ಹಸಿರು ನಂಬರ್ ಪ್ಲೇಟ್ ನೋಡಿದಾಗ ನನಗೆ ಸ್ವಲ್ಪ ನಗು ಬರುತ್ತದೆ.

ಆದರೆ ಊರಿನ ಗಾಳಿ ಅಂದಾಗ ಇಂಗಾಲದ ಡೈಆಕ್ಸೈಡ್ ಮುಖ್ಯವೇ ಅಲ್ಲ. ಅದು ಭೂಮಿಯನ್ನು ಬಿಸಿ ಮಾಡುತ್ತದೆ, ರಸ್ತೆಯಲ್ಲಿ ಕೆಮ್ಮು ಬರಿಸುವುದಿಲ್ಲ. ಕೆಮ್ಮು ಬರಿಸುವುದು ಸಣ್ಣ ಕಣಗಳು, ನೈಟ್ರೋಜನ್ ಆಕ್ಸೈಡ್‌ಗಳು, ಅರೆಬೆಂದ ಇಂಧನ. ಇವು ಸೈಲೆನ್ಸರಿನಿಂದ ಹೊರಬಿದ್ದು ಹಿಂದೆ ನಿಂತವರ ಮೂಗಿಗೇ ಬರುತ್ತವೆ. ಬಿಎಂಟಿಸಿ ಬಸ್ಸನ್ನೇ ನೋಡಿ. ಡೀಸೆಲ್ ಬಸ್ಸು ಲೀಟರಿಗೆ 4 ಕಿಮೀ, ಎಲೆಕ್ಟ್ರಿಕ್ ಬಸ್ಸು ಕಿಮೀಗೆ ಒಂದು ಯೂನಿಟ್ ಅಂತ ಹಿಡಿದರೆ ಇಂಗಾಲದಲ್ಲಿ ಎರಡೂ ಸಮಸಮ! ನನಗೇ ನಂಬಿಕೆ ಬರದೆ ಎರಡು ಸಲ ಗುಣಿಸಿದೆ. ಆದರೂ ಬಸ್ ಸ್ಟಾಪಿನಲ್ಲಿ ನಿಂತವರಿಗೆ ಎಲೆಕ್ಟ್ರಿಕ್ ಬಸ್ಸೇ ವರ. ಮುಖಕ್ಕೆ ಕರಿ ಹೊಗೆ ಬಡಿಯುವುದಿಲ್ಲ.

ಆ ಹೊಗೆ ಹೋಗುವುದೆಲ್ಲಿಗೆ ಎಂಬ ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ನಮ್ಮ ರಾಜ್ಯದ ದೊಡ್ಡ ಕಲ್ಲಿದ್ದಲು ಸ್ಥಾವರಗಳು ರಾಯಚೂರು, ಬಳ್ಳಾರಿ, ವಿಜಯಪುರ ಜಿಲ್ಲೆಗಳಲ್ಲಿವೆ. ಭಾರತದ ಕಲ್ಲಿದ್ದಲಿನಲ್ಲಿ ನೂರಕ್ಕೆ 30-40 ಪಾಲು ಬೂದಿಯೇ. ಎತ್ತರದ ಚಿಮಣಿ, ಬೂದಿ ಹಿಡಿಯುವ ಯಂತ್ರ ಎಲ್ಲ ಇದ್ದರೂ ಅದು ಎಲ್ಲೋ ಒಂದು ಕಡೆ ಬೀಳಲೇಬೇಕು. ನಾನು ಇಲ್ಲಿ ಹಾಯಾಗಿ ಉಸಿರಾಡುವಾಗ ಆ ಬೂದಿಯಲ್ಲಿ ನನ್ನ ಪಾಲೂ ಇದೆ.

ಹಾಗಂತ ಎಲ್ಲ ಕರೆಂಟೂ ಅಲ್ಲಿನದಲ್ಲ. ಶರಾವತಿ ಇದೆ, ಕೈಗಾ ಇದೆ, ಪಾವಗಡದ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಬಿಸಿಲಿನ ಕರೆಂಟು ಸಿಗುವುದು ಹಗಲು ಮಾತ್ರ. ನಾವು ಚಾರ್ಜಿಗೆ ಹಾಕುವುದು ರಾತ್ರಿ! ಆಫೀಸಿನಲ್ಲಿ ಪ್ಲಗ್ ಇದ್ದರೆ ಮಧ್ಯಾಹ್ನ ಹಾಕಿ.

ಧೂಳಿನ ವಿಷಯದಲ್ಲಿ ಮಾತ್ರ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಮೋಟರೇ ವೇಗ ತಗ್ಗಿಸುವುದರಿಂದ ಬ್ರೇಕ್ ಪ್ಯಾಡ್ ಕಡಿಮೆ ಸವೆಯುತ್ತದೆ, ಅದು ನಿಜ. ಟೈರ್ ಸವೆಯುವುದು ತಪ್ಪುವುದಿಲ್ಲ, ಬ್ಯಾಟರಿಯ ಭಾರ ಬೇರೆ. ಅಗೆದು ಬಿಟ್ಟ ರಸ್ತೆಯ ಮಣ್ಣನ್ನು ನನ್ನ ಗಾಡಿಯೂ ಎಲ್ಲರಷ್ಟೇ ಎಬ್ಬಿಸುತ್ತದೆ. ಔಟರ್ ರಿಂಗ್ ರೋಡಿನಿಂದ ಮನೆಗೆ ಬಂದು ಮುಖ ಒರೆಸಿದರೆ ಕರ್ಚೀಫು ಇವತ್ತಿಗೂ ಕಂದು ಬಣ್ಣಕ್ಕೇ ತಿರುಗುತ್ತದೆ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಹಳೇ ಸ್ಕೂಟರನ್ನು ಗುಜರಿಗೆ ಹಾಕಲಿಲ್ಲ, ಮಾರಿದೆ. ತುಮಕೂರಿನಲ್ಲೋ ಎಲ್ಲೋ ಅದು ಈಗಲೂ ಹೊಗೆ ಬಿಡುತ್ತಾ ಓಡುತ್ತಿರಬೇಕು. ನಿಮ್ಮದು 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆಯ ಮಿತಿ ಬಿಗಿ ಮಾಡಿದ ನಿಯಮ) ಗಾಡಿಯಾಗಿದ್ದು, ದಿನಕ್ಕೆ ನಾಲ್ಕೈದು ಕಿಮೀ ಮಾತ್ರ ಓಡಿಸುತ್ತಿದ್ದರೆ, ಅವಸರ ಬೇಡ. ಅದನ್ನೇ ಓಡಿಸಿ. ದಿನಾ 20 ಕಿಮೀ ಮೇಲಿದ್ದರೆ ಧೈರ್ಯವಾಗಿ ಎಲೆಕ್ಟ್ರಿಕ್ ತಗೊಳ್ಳಿ.

ತಗೊಂಡ ಮೇಲೆ ನಿಮ್ಮ ಅಪಾರ್ಟ್‌ಮೆಂಟಿನ ಚಾರ್ಜಿಂಗ್ ಪಾಯಿಂಟ್ ಯಾವ ಲೈನಿನಲ್ಲಿದೆ ಅಂತ ಒಮ್ಮೆ ಕೇಳಿ ನೋಡಿ. ನಮ್ಮಲ್ಲಿ ಆರು ತಿಂಗಳು ಅದು ಜನರೇಟರ್ ಲೈನಿಗೆ ಸೇರಿಕೊಂಡಿತ್ತು. ಕರೆಂಟ್ ಹೋದಾಗಲೆಲ್ಲ ನನ್ನ ಸ್ಕೂಟರ್ ಡೀಸೆಲ್ ಕುಡಿಯುತ್ತಿತ್ತು.